ರಾತ್ರಿ ಮಾಡಿದ ಕಾಲು ಸೂಪ್ ಬೆಳಿಗ್ಗೆವರೆಗೆ ಒಲೆ ಮೇಲೆ ಬಿಡಬಹುದಾ?

ನೀವು ಕೇಳಿರೋದು ಮೂರು ವಿಷಯ. ಭಾನುವಾರ ರಾತ್ರಿ ದೊಡ್ಡ ಪಾತ್ರೆ ತುಂಬ ಕಾಲು ಸೂಪ್ ಮಾಡಿ, ಮುಚ್ಚಿ ಒಲೆ ಮೇಲೇ ಬಿಟ್ಟು, ಬೆಳಿಗ್ಗೆ ಕುದಿಸಿದರೆ ಸಾಕಾ? ಬಿಸಿದನ್ನು ಇಟ್ಟರೆ ಫ್ರಿಜ್ ಕೆಡುತ್ತೆ ಅಂತ ನಿಮ್ಮ ಅತ್ತೆ ಹೇಳೋದು ಸರೀನಾ? ಚಿತ್ರದುರ್ಗದ ಹಾಸ್ಟೆಲಿನಲ್ಲಿರುವ ಮಗಳಿಗೆ ಕಳಿಸಬಹುದಾ?

ನಾನು ದಾವಣಗೆರೆಯಲ್ಲೇ ಒಂದು ಸಣ್ಣ ಮೆಸ್ ನಡೆಸುತ್ತೇನೆ. ಉಳಿದದ್ದನ್ನು ಆರಿಸಿ ಇಡೋದು ನಮಗೆ ದಿನದ ಕೆಲಸ. ಮೊದಲನೇ ಪ್ರಶ್ನೆಗೆ ಉತ್ತರ: ಬೇಡ, ರಾತ್ರಿಯಿಡೀ ಬಿಡಬೇಡಿ.

ಅಷ್ಟು ಹೊತ್ತು ಕುದ್ದಿದೆ, ಎಲ್ಲ ಕ್ರಿಮಿ ಸತ್ತಿರುತ್ತೆ ಅನ್ನಿಸುತ್ತೆ ಅಲ್ವಾ? ಎಲ್ಲ ಸಾಯೋದಿಲ್ಲ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್, ಬ್ಯಾಸಿಲಸ್ ಸೀರಿಯಸ್ ಅಂತ ಎರಡು ಬ್ಯಾಕ್ಟೀರಿಯಾ ಇವೆ. ಇವು ಗಟ್ಟಿ ಸಿಪ್ಪೆಯ ಬೀಜದ ಹಾಗೆ ಆಗಿಬಿಟ್ಟು, ಕುದಿಯುವ ನೀರನ್ನೂ ತಡೆದುಕೊಳ್ಳುತ್ತವೆ. ಸೂಪ್ ಉಗುರುಬೆಚ್ಚಗಾದಾಗ ಮತ್ತೆ ಚಿಗುರುತ್ತವೆ. ಮೊದಲನೆಯದಕ್ಕೆ ಮಾಂಸದ ಸಾರು ಅಂದರೆ ಹಬ್ಬ. 45 ಡಿಗ್ರಿ ಆಸುಪಾಸಿನಲ್ಲಿ ಸುಮಾರು 10 ನಿಮಿಷಕ್ಕೆ ಒಂದು ಎರಡಾಗುತ್ತದೆ. ಕುಕ್ಕರಿನಲ್ಲಿ ಬೇಯಿಸಿದ್ದೀನಿ ಅಂದರೂ ಅಷ್ಟೇ. ಮುಚ್ಚಳ ತೆಗೆದು, ಮೆಣಸಿನ ಪುಡಿ ಉದುರಿಸಿ, ಕೊತ್ತಂಬರಿ ಹಾಕಿ, ಸೌಟು ಆಡಿಸಿದ ಮೇಲೆ ಹೊರಗಿನದ್ದೆಲ್ಲ ಒಳಗೆ ಬಂದಾಯಿತು.

ಬೆಳಿಗ್ಗೆ ಚೆನ್ನಾಗಿ ಕುದಿಸಿದರೆ ಬೆಳೆದ ಕ್ರಿಮಿಗಳು ಸಾಯುತ್ತವೆ, ನಿಜ. ಆದರೆ ಬ್ಯಾಸಿಲಸ್ ಸೀರಿಯಸ್ ಬಿಟ್ಟ ವಾಂತಿ ತರಿಸುವ ವಿಷ, ಕೈಯಿಂದ ಬರುವ ಸ್ಟೆಫಿಲೋಕಾಕಸ್ ಬಿಟ್ಟ ವಿಷ, ಇವೆರಡೂ ಕುದಿಗೆ ಜಗ್ಗೋದಿಲ್ಲ. ಸೂಪಿಗೆ ಅಕ್ಕಿ, ನವಣೆ, ಸಾವೆ ಹಾಕೋ ಅಭ್ಯಾಸ ಇದ್ದರೆ ಇನ್ನೂ ಹುಷಾರು. ಮೂಸಿ ನೋಡಿ ತೀರ್ಮಾನ ಮಾಡೋಕೂ ಆಗಲ್ಲ, ಈ ವಿಷಗಳಿಗೆ ವಾಸನೆ ಇಲ್ಲ. ಹಿಂದಿನವರು ಸಾರನ್ನು ಎರಡು ಹೊತ್ತು ಕುದಿಸಿ ಇಡುತ್ತಿದ್ದರಲ್ಲ ಅನ್ನಬಹುದು. ಅದರಲ್ಲಿ ಹುಣಸೆಹುಳಿ ಇರುತ್ತಿತ್ತು, ಸ್ವಲ್ಪ ತಡೆಯುತ್ತಿತ್ತು. ಕಾಲು ಸೂಪಿನಲ್ಲಿ ಹುಳಿ ಎಲ್ಲಿದೆ?

60 ಡಿಗ್ರಿಗಿಂತ ಮೇಲೆ, 5 ಡಿಗ್ರಿಗಿಂತ ಕೆಳಗೆ ಇದ್ದರೆ ಭಯವಿಲ್ಲ. ನಡುವಿನ ದಾರಿಯನ್ನು ಬೇಗ ದಾಟಿಸಬೇಕು. ಅಮೆರಿಕದಲ್ಲಿ ಹೋಟೆಲುಗಳಿಗೆ ಒಂದು ಲೆಕ್ಕ ಇದೆ: 57ರಿಂದ 21 ಡಿಗ್ರಿಗೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ನಮ್ಮೂರಿನ ಏಪ್ರಿಲ್ ರಾತ್ರಿ ಅಡುಗೆಮನೆಯೇ 21ಕ್ಕೆ ಇಳಿಯಲ್ಲ, ಸೂಪ್ ಹೇಗೆ ಇಳಿಯುತ್ತೆ ಹೇಳಿ! ಅದಕ್ಕೇ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, ಸುತ್ತಲಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ ಅನ್ನೋದು.

ಈಗ ಅತ್ತೆಯವರ ಮಾತು. ಅರ್ಧ ಸರಿ ಇದೆ. ಕುದಿಯುವ ದೊಡ್ಡ ಪಾತ್ರೆಯನ್ನು ಹಾಗೇ ಒಳಗಿಟ್ಟರೆ ಪಕ್ಕದ ಹಾಲು ಮೊಸರು ಬೆಚ್ಚಗಾಗುತ್ತವೆ. ಸೂಪಿನ ನಡುಭಾಗ ಮಾತ್ರ ಗಂಟೆಗಟ್ಟಲೆ ಬಿಸಿಯಾಗೇ ಇರುತ್ತದೆ. ಅದಕ್ಕೆ ಬೆಳಿಗ್ಗೆವರೆಗೆ ಕಾಯಬೇಕಿಲ್ಲ, ಪಾತ್ರೆ ಬದಲಿಸಿದರೆ ಆಯಿತು. ಮುಖ್ಯವಾದದ್ದು ಆಳ. ಒಂದು ಅಡಿ ಆಳದ ಸೂಪ್ ಆರೋಕೆ ಇಡೀ ರಾತ್ರಿ ಸಾಲದು. ಅದನ್ನೇ ಎರಡು ಇಂಚು ಆಳಕ್ಕೆ ಅಗಲವಾದ ಸ್ಟೀಲ್ ತಟ್ಟೆ, ಪರಾತಗಳಿಗೆ ಸುರಿದರೆ ಬೇಗ ಇಳಿಯುತ್ತದೆ. ಮೊದಲು ಮೂಳೆ ತೆಗೆದುಬಿಡಿ, ಅವು ಬಿಸಿ ಹಿಡಿದುಕೊಳ್ಳುತ್ತವೆ.

ನಮ್ಮ ಮೆಸ್ಸಿನಲ್ಲಿ ಮಾಡೋದು ಹೀಗೆ: ದೊಡ್ಡ ಬೇಸನ್ನಿಗೆ ತಣ್ಣೀರು, ಐಸ್ ಹಾಕಿ ಅದರಲ್ಲಿ ಪರಾತ ಕೂರಿಸುತ್ತೇವೆ. ಚೊಕ್ಕವಾಗಿ ತೊಳೆದ ಸ್ಟೀಲ್ ಚೊಂಬಿಗೆ ಐಸ್ ತುಂಬಿ ಸೂಪಿನ ನಡುವೆ ನಿಲ್ಲಿಸುತ್ತೇವೆ, ಬಿಡದೆ ತಿರುವುತ್ತೇವೆ. ಒಳಗೂ ಹೊರಗೂ ತಂಪು. ಬೇಸಿಗೆಯಲ್ಲಿ ನಲ್ಲಿ ನೀರನ್ನು ನಂಬಬೇಡಿ, ಮಧ್ಯಾಹ್ನ ಮಹಡಿ ಮೇಲಿನ ಟ್ಯಾಂಕಿನ ನೀರು ಕೈ ಸುಡುತ್ತೆ. ಐಸ್ ಕಡಿಮೆ ಇದ್ದರೆ ಇನ್ನೊಂದು ದಾರಿ ಇದೆ. ಸೂಪನ್ನು ಗಟ್ಟಿಯಾಗಿ ಮಾಡಿ, ಬೇಕಾದ ಉಳಿದ ನೀರಿನ ಬದಲು ಕುದಿಸಿ ಆರಿಸಿದ ನೀರಿನ ಐಸ್ ಹಾಕಿ. ರುಚಿಯೂ ತೆಳುವಾಗಲ್ಲ, ಬಿಸಿಯೂ ಇಳಿಯುತ್ತೆ. ಆರುವಾಗ ಮುಚ್ಚಳ ಬಿಗಿ ಮಾಡಬೇಡಿ, ಜಾಲರಿ ಸಾಕು.

ಹಬೆ ನಿಂತು ಪಾತ್ರೆ ಬೆಚ್ಚಗೆ ಅನ್ನಿಸುವ ಹೊತ್ತಿಗೆ ಸಣ್ಣ ಡಬ್ಬಿಗಳಿಗೆ ಹಾಕಿ ಫ್ರಿಜ್ಜಿನ ಹಿಂಭಾಗದಲ್ಲಿ ಇಡಿ, ಬಾಗಿಲಲ್ಲಿ ಬೇಡ. ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಫ್ರೀಜರಿನಲ್ಲಿ ಎರಡು ಮೂರು ತಿಂಗಳು ರುಚಿ ಇರುತ್ತೆ. ನೀರು ಹೆಪ್ಪುಗಟ್ಟಿದರೆ ಉಬ್ಬುತ್ತೆ, ಹಾಗಾಗಿ ಡಬ್ಬಿಯಲ್ಲಿ ಮೇಲೆ ಒಂದು ಬೆರಳು ಜಾಗ ಬಿಡಿ. ಕೆನೆ ಹಾಕಿದ್ದು, ಕಾರ್ನ್‌ಫ್ಲೋರ್ ಹಾಕಿದ್ದು ಫ್ರೀಜರಿಗೆ ಸುಮ್ನೆ ಹಾಕಬೇಡಿ, ಒಡೆದು ನೀರಾಗುತ್ತೆ. ಕರೆಂಟು ಹೋದರೆ ಬಾಗಿಲು ತೆಗೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಡೆಯುತ್ತೆ. ತಿನ್ನೋವಾಗ ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸಿ. ಎಲ್ಲವನ್ನೂ ಬಿಸಿ ಮಾಡಿ ಮತ್ತೆ ಒಳಗಿಡೋದು ಬೇಡ.

ಮಗಳಿಗೆ ಕಳಿಸೋದು ಕಷ್ಟ ಇಲ್ಲ. ಚಿತ್ರದುರ್ಗ ಇಲ್ಲಿಂದ ಸುಮಾರು 60 ಕಿಲೋಮೀಟರ್ ಅಷ್ಟೇ. ಆದರೆ ಉಗುರುಬೆಚ್ಚಗಿನ ಸೂಪನ್ನು ಕಳಿಸಲೇಬೇಡಿ. ಒಂದೋ ಫ್ಲಾಸ್ಕಿಗೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಟ್ಟು ಚೆಲ್ಲಿ, ಕುದಿಯುತ್ತಿರುವ ಸೂಪನ್ನು ತುಂಬಿ ಕಳಿಸಿ, ತಲುಪಿದ ಕೂಡಲೇ ಕುಡಿಯಲಿ. ಇಲ್ಲವೋ ಫ್ರೀಜರಿನಲ್ಲಿ ಗಟ್ಟಿಯಾದ ಡಬ್ಬಿಯನ್ನು ನಾಲ್ಕೈದು ಪದರ ಪೇಪರಿನಲ್ಲಿ ಸುತ್ತಿ ಬೆಳಗಿನ ಬಸ್ಸಿಗೆ ಕೊಡಿ. ಅಲ್ಲಿ ತಲುಪಿದಾಗ ಒಳಗೆ ಇನ್ನೂ ಐಸ್ ಇದ್ದರೆ ಹಾಸ್ಟೆಲಿನ ಫ್ರಿಜ್ಜಿಗೆ ಇಡಬಹುದು. ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಚೆಲ್ಲಿಬಿಡು ಅಂತ ಅವಳಿಗೆ ಮೊದಲೇ ಹೇಳಿರಿ.