ಊಟದ ಪ್ರಶ್ನೆ: ಮಗನಿಗೆ ಬ್ಲೂಬೆರಿ, ಅಮ್ಮನಿಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ 'ಸೂಪರ್‌ಫುಡ್' ಬಗ್ಗೆಯೇ ಇವೆ. ಬ್ಲೂಬೆರಿ, ಚಿಯಾ, ಆಂಟಿಆಕ್ಸಿಡೆಂಟ್ ಮಾತ್ರೆ, ಬಣ್ಣಬಣ್ಣದ ಪುಡಿಗಳು. ಬಸವನಗುಡಿಯ ನನ್ನ ಕ್ಲಿನಿಕ್ಕಿಗೆ ಬರುವವರದ್ದೂ ಇದೇ ಮಾತು. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಯಲಹಂಕದ ಒಬ್ಬ ತಾಯಿಯ ಪತ್ರಕ್ಕೆ ಹೆಚ್ಚು ಜಾಗ ಬೇಕು. ಅದಕ್ಕೇ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನಗೆ 67 ವರ್ಷ. ಮೂವತ್ತು ವರ್ಷ ಸಿಗರೇಟ್ ಸೇದಿ ಎರಡು ವರ್ಷದ ಹಿಂದೆ ಬಿಟ್ಟೆ. ಮಗಳು ಅಮೆರಿಕದಿಂದ ಬಂದಾಗ ಬೀಟಾ ಕ್ಯಾರೊಟಿನ್ ಇರುವ ಆಂಟಿಆಕ್ಸಿಡೆಂಟ್ ಮಾತ್ರೆ, ಜೊತೆಗೆ ಬ್ಲೂಬೆರಿ ಪುಡಿ ತಂದುಕೊಟ್ಟಳು. ಪುಡಿಯ ಡಬ್ಬದ ಮೇಲೆ 'ಒಆರ್‌ಎಸಿ' ಎಂದು ಒಂದು ದೊಡ್ಡ ಸಂಖ್ಯೆ ಇದೆ. ಶ್ವಾಸಕೋಶಕ್ಕೆ ಒಳ್ಳೆಯದಂತೆ. ದಿನಕ್ಕೆ ಎಷ್ಟು ತೆಗೆದುಕೊಳ್ಳಲಿ?
– ರಾಜಾಜಿನಗರದ ಓದುಗರು

ಉತ್ತರ: ಸರ್, ಸಿಗರೇಟ್ ಬಿಟ್ಟಿದ್ದೀರಲ್ಲ, ಶ್ವಾಸಕೋಶಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಆದರೆ ಆ ಮಾತ್ರೆಯನ್ನು ಇವತ್ತೇ ನಿಲ್ಲಿಸಿ.

ಕಾರಣ ಹೇಳುತ್ತೇನೆ. ತರಕಾರಿ, ಹಣ್ಣು ಚೆನ್ನಾಗಿ ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಎಂದು ಕಂಡಾಗ, ಅವುಗಳಲ್ಲಿರುವ ಬೀಟಾ ಕ್ಯಾರೊಟಿನ್ ತೆಗೆದು ಮಾತ್ರೆ ಮಾಡಿ ಕೊಟ್ಟು ನೋಡೋಣ ಎಂದು ವಿಜ್ಞಾನಿಗಳು ಹೊರಟರು. ಫಿನ್ಲೆಂಡಿನಲ್ಲಿ ಸಿಗರೇಟ್ ಸೇದುವ 29,133 ಗಂಡಸರ ಮೇಲೆ ಪರೀಕ್ಷೆ ನಡೆಯಿತು. 1994ರಲ್ಲಿ ಫಲಿತಾಂಶ ಬಂತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಆಗಲಿಲ್ಲ, ಶೇಕಡಾ 18ರಷ್ಟು ಹೆಚ್ಚಾಯಿತು. ಅಮೆರಿಕದಲ್ಲಿ ಇಂಥದ್ದೇ ಇನ್ನೊಂದು ಪರೀಕ್ಷೆ ನಡೆಯುತ್ತಿತ್ತು. ಅದರಲ್ಲಿ ನಿಮ್ಮಂತೆ ಸೇದಿ ಬಿಟ್ಟವರೂ ಇದ್ದರು. ಅಲ್ಲಿಯೂ ಕ್ಯಾನ್ಸರ್ ಏರುತ್ತಿರುವುದು ಕಂಡು 1996ರಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಿದರು. ಕ್ಯಾರೆಟ್, ಸಿಹಿಗುಂಬಳ, ಪರಂಗಿ ಹಣ್ಣಿಗೆ ಈ ಭಯ ಬೇಡ. ಅವನ್ನು ಧಾರಾಳವಾಗಿ ತಿನ್ನಿ. ತೊಂದರೆ ಇರುವುದು ಒಂದೇ ವಸ್ತುವನ್ನು ಹಿಂಡಿ ತೆಗೆದು ದೊಡ್ಡ ಪ್ರಮಾಣದಲ್ಲಿ ನುಂಗುವುದರಲ್ಲಿ.

ನಮ್ಮ ದೇಹದಲ್ಲಿ ಉಸಿರಾಟದಿಂದ, ಆಹಾರ ಕರಗುವುದರಿಂದ 'ಫ್ರೀ ರ‍್ಯಾಡಿಕಲ್' ಎಂಬ ಚುರುಕು ಕಣಗಳು ಹುಟ್ಟುತ್ತಲೇ ಇರುತ್ತವೆ. ಜಾಸ್ತಿಯಾದರೆ ಜೀವಕೋಶಗಳಿಗೆ ಪೆಟ್ಟು. ಅವನ್ನು ತಣ್ಣಗಾಗಿಸುವುದೇ ಆಂಟಿಆಕ್ಸಿಡೆಂಟ್ ಕೆಲಸ. ಆದರೆ ಆ ಕಣಗಳೆಲ್ಲ ಶತ್ರುಗಳಲ್ಲ. ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲುವುದು ಇವುಗಳ ಸಹಾಯದಿಂದಲೇ. ಗ್ಲುಟಾಥಯಾನ್ ಎಂಬ ಆಂಟಿಆಕ್ಸಿಡೆಂಟನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಒಳಗೆ ಒಂದು ಲೆಕ್ಕಾಚಾರ ಇದೆ, ಅದನ್ನು ಮಾತ್ರೆ ಹಾಕಿ ಕೆಡಿಸಬಾರದು.

ಇನ್ನು ಡಬ್ಬದ ಮೇಲಿನ ಸಂಖ್ಯೆ. ಒಆರ್‌ಎಸಿ ಎನ್ನುವುದು ಆಹಾರದ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯಲು ಗಾಜಿನ ನಳಿಗೆಯಲ್ಲಿ ಮಾಡುವ ಪರೀಕ್ಷೆ. ನಳಿಗೆಯಲ್ಲಿ ನಡೆದದ್ದು ಹೊಟ್ಟೆಗೆ ಹೋದ ಮೇಲೂ ನಡೆಯುತ್ತದೆ ಎಂದೇನಿಲ್ಲ. ಅಮೆರಿಕದ ಕೃಷಿ ಇಲಾಖೆಯೇ ಈ ಸಂಖ್ಯೆಗಳ ದೊಡ್ಡ ಪಟ್ಟಿ ಇಟ್ಟುಕೊಂಡಿತ್ತು. ಕಂಪನಿಗಳು ಅದನ್ನು ಮಾರಾಟಕ್ಕೆ ಬಳಸುತ್ತಿವೆ, ಮನುಷ್ಯರ ಆರೋಗ್ಯಕ್ಕೂ ಆ ಸಂಖ್ಯೆಗೂ ಸಂಬಂಧ ತೋರಿಸುವ ಪುರಾವೆ ಇಲ್ಲ ಎಂದು 2012ರಲ್ಲಿ ಪಟ್ಟಿಯನ್ನೇ ತೆಗೆದುಹಾಕಿತು. ಪುಡಿಯನ್ನು ಬಿಸಾಡಬೇಕಿಲ್ಲ. ಮಗಳು ಪ್ರೀತಿಯಿಂದ ತಂದಿದ್ದಾಳೆ. ಒಂದು ಚಮಚ ಮೊಸರಿಗೆ ಕಲಸಿಕೊಂಡು ತಿನ್ನಿ, ಸಕ್ಕರೆ ಸೇರಿಸಿದ್ದಾರಾ ಎಂದು ಮಾತ್ರ ಲೇಬಲ್ ನೋಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಡಾಕ್ಟರನ್ನು ಕೇಳಿ.

ಪ್ರಶ್ನೆ: ಚಿಯಾ ಬೀಜಕ್ಕೂ ಕಾಮಕಸ್ತೂರಿ ಬೀಜಕ್ಕೂ ಏನು ವ್ಯತ್ಯಾಸ? ಯಾವುದು ಮೇಲು?
– ಮಲ್ಲೇಶ್ವರದ ಓದುಗರು

ಉತ್ತರ: ಬೇರೆ ಬೇರೆ ಗಿಡ. ಚಿಯಾ ಮೆಕ್ಸಿಕೊ ಕಡೆಯದು, ಈಗ ನಮ್ಮ ಮೈಸೂರು ಸೀಮೆಯಲ್ಲೂ ಬೆಳೆಯುತ್ತಾರೆ. ಎರಡರಲ್ಲೂ ನಾರು ಚೆನ್ನಾಗಿದೆ. ಒಮೆಗಾ–3 ಎಂಬ ಒಳ್ಳೆಯ ಕೊಬ್ಬು ಬೇಕೆಂದರೆ ಉತ್ತರ ಕರ್ನಾಟಕದವರ ಅಗಸೆ ಚಟ್ನಿಪುಡಿ ಸಾಕು, ಬೆಲೆಯೂ ಕಡಿಮೆ. ಚಿಯಾವನ್ನು ಒಣದಾಗಿ ಬಾಯಿಗೆ ಹಾಕಿಕೊಳ್ಳಬೇಡಿ. ಗಂಟಲಲ್ಲಿ ಊದಿಕೊಳ್ಳುತ್ತದೆ. ನೆನೆಸಿಯೇ ತಿನ್ನಿ.

ಪ್ರಶ್ನೆ: ಬ್ಲೂಬೆರಿ ಬದಲು ನೇರಳೆ ಹಣ್ಣು ತಿಂದರೆ ಅದೇ ಗುಣ ಸಿಗುತ್ತದೆಯೇ? ನನಗೆ ಸಕ್ಕರೆ ಕಾಯಿಲೆ ಇದೆ. ನೇರಳೆ ಬೀಜದ ಪುಡಿ ತಿಂದರೆ ಮಾತ್ರೆ ಬಿಡಬಹುದು ಎನ್ನುತ್ತಾರೆ.
– ಕೆಂಗೇರಿಯ ಓದುಗರು

ಉತ್ತರ: ಮಾತ್ರೆ ಬಿಡಬೇಡಿ. ಬೀಜದ ಪುಡಿ ಮಾತ್ರೆಯ ಜಾಗ ತುಂಬುತ್ತದೆ ಎನ್ನಲು ಬೇಕಾದಷ್ಟು ಪುರಾವೆ ಇಲ್ಲ. ಮಾತ್ರೆಯ ಜೊತೆ ಪುಡಿಯನ್ನೂ ತಿಂದು ಸಕ್ಕರೆ ಇಳಿದುಹೋದರೆ ಅದೂ ಅಪಾಯವೇ.

ಹಣ್ಣಿನ ವಿಷಯಕ್ಕೆ ಬಂದರೆ ಮನಸ್ಸು ಅರಳುತ್ತದೆ. ಮಾಗಡಿ ಹತ್ತಿರದ ನಮ್ಮ ಅಜ್ಜಿ ಊರಲ್ಲಿ ನೇರಳೆ ಮರದ ಕೆಳಗೆ ಹಳೇ ಸೀರೆ ಹಿಡಿದು ಕೊಂಬೆ ಅಲ್ಲಾಡಿಸುತ್ತಿದ್ದೆವು. ಅಜ್ಜಿ ಹಣ್ಣಿಗೆ ಉಪ್ಪು ಹಾಕಿ ಮಡಕೆಯಲ್ಲಿ ಕುಲುಕಿ ಕೊಡುತ್ತಿದ್ದರು. ಸಂಜೆವರೆಗೆ ನಾಲಿಗೆ ನೀಲಿ. ಆ ನೀಲಿಯೇ ಆಂಥೋಸಯನಿನ್. ಬ್ಲೂಬೆರಿಗೆ ಹೆಸರು ತಂದುಕೊಟ್ಟ ಬಣ್ಣವೂ ಇದೇ ಗುಂಪಿನದು. ಹಾಗಂತ ಎರಡೂ ಹಣ್ಣು ಒಂದೇ ಅಲ್ಲ, ಪ್ರಮಾಣ ಬೇರೆ, ಒಗರು ಬೇರೆ. ಆದರೆ ನೀವು ಹುಡುಕುತ್ತಿರುವ ಬಣ್ಣ ಜೂನ್ ತಿಂಗಳಲ್ಲಿ ಗಾಂಧಿಬಜಾರಿನ ಬುಟ್ಟಿಯಲ್ಲೇ ಸಿಗುತ್ತದೆ. ಒಂದು ಸಲಕ್ಕೆ ಹತ್ತು ಹನ್ನೆರಡು ಹಣ್ಣು ಸಾಕು.

ಇನ್ನೊಂದು ಹಣ್ಣನ್ನು ನಾವು ಮರೆತೇಬಿಟ್ಟಿದ್ದೇವೆ. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ 'ಬೆಂಗಳೂರು ಬ್ಲೂ' ದ್ರಾಕ್ಷಿ. ಜಿಐ (ಇಂಥ ಊರಿನ ಬೆಳೆ ಎಂಬ ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮದೇ ಕಪ್ಪು ದ್ರಾಕ್ಷಿ. ಇದರ ಬಣ್ಣ ಇರುವುದು ಸಿಪ್ಪೆಯಲ್ಲಿ. ನಾವು ಒಳಗಿನ ತಿರುಳು ಹೀರಿ ಸಿಪ್ಪೆ ಉಗಿಯುತ್ತೇವೆ! ಚೆನ್ನಾಗಿ ತೊಳೆದು ಸಿಪ್ಪೆ ಸಮೇತ ಅಗಿಯಿರಿ. ಸಕ್ಕರೆ ಅಂಶ ಇರುವುದರಿಂದ ನೀವು ಒಂದು ಸಣ್ಣ ಹಿಡಿಗೆ ನಿಲ್ಲಿಸಿ. ಜ್ಯೂಸ್ ಬೇಡವೇ ಬೇಡ.

ಪ್ರಶ್ನೆ: ಮಗನಿಗೆ 6 ವರ್ಷ. ದಿನಾ ಬ್ಲೂಬೆರಿ ಕೊಟ್ಟರೆ ಜ್ಞಾಪಕಶಕ್ತಿ ಹೆಚ್ಚುತ್ತದೆ ಎಂದು ಅವನ ಶಾಲೆಯ ತಾಯಂದಿರು ಹೇಳಿದರು. 125 ಗ್ರಾಂ ಡಬ್ಬಕ್ಕೆ 300 ರೂಪಾಯಿ. ವಾರಕ್ಕೆ ಎರಡು ಡಬ್ಬ ತರುತ್ತೇನೆ. ನಾನು ಮುಟ್ಟುವುದಿಲ್ಲ, ಅವನಿಗೇ ಉಳಿಸುತ್ತೇನೆ (ನನ್ನ ಹಿಮೋಗ್ಲೋಬಿನ್ 9.2 ಇದೆ). ಈಗ ಖರ್ಚು ತೂಗಿಸಲು ಆಗುತ್ತಿಲ್ಲ. ನಿಲ್ಲಿಸಿದರೆ ಮಗನಿಗೆ ನಷ್ಟ ಆಗುತ್ತದಾ ಮೇಡಂ?
– ಯಲಹಂಕದ ಓದುಗರು

ಉತ್ತರ: ಇಲ್ಲಮ್ಮ, ಏನೂ ನಷ್ಟ ಆಗಲ್ಲ. ಧೈರ್ಯವಾಗಿ ನಿಲ್ಲಿಸಿ.

ಬ್ಲೂಬೆರಿ ಒಳ್ಳೆಯ ಹಣ್ಣು, ಅದರಲ್ಲಿ ಅನುಮಾನವಿಲ್ಲ. ಜ್ಞಾಪಕಶಕ್ತಿಯ ಮಾತೂ ಸುಮ್ನೆ ಹುಟ್ಟಿದ್ದಲ್ಲ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 7ರಿಂದ 10 ವರ್ಷದ 21 ಮಕ್ಕಳಿಗೆ ಬ್ಲೂಬೆರಿ ಪಾನೀಯ ಕುಡಿಸಿ, ಆಮೇಲಿನ ಕೆಲವು ಗಂಟೆ ಪರೀಕ್ಷೆ ಮಾಡಿದರು. ಸ್ವಲ್ಪ ಸುಧಾರಣೆ ಕಂಡಿತು. ಆದರೆ 21 ಮಕ್ಕಳು, ಒಂದೇ ದಿನದ ಕೆಲವು ಗಂಟೆ. ಇಷ್ಟರಿಂದ ನಿಮ್ಮ ಮಗ ವರ್ಷಪೂರ್ತಿ ಪಾಠ ನೆನಪಿಟ್ಟುಕೊಳ್ಳುತ್ತಾನೆ ಎಂದು ಹೇಳಲು ಆಗುವುದಿಲ್ಲ.

ಹೃದಯಕ್ಕೆ ಒಳ್ಳೆಯದು ಎನ್ನುವುದಕ್ಕೆ ಇನ್ನೂ ಗಟ್ಟಿಯಾದ ಪರೀಕ್ಷೆಯೊಂದು 2019ರಲ್ಲಿ ಪ್ರಕಟವಾಯಿತು. ಬೊಜ್ಜು, ಬಿಪಿ ಮುಂತಾದ ತೊಂದರೆ ಒಟ್ಟಿಗೆ ಇದ್ದ 115 ದೊಡ್ಡವರು, ಆರು ತಿಂಗಳು. ದಿನಾ 150 ಗ್ರಾಂ ಹಣ್ಣಿಗೆ ಸಮನಾದ ಪುಡಿ ತಿಂದವರ ರಕ್ತನಾಳಗಳು ಸ್ವಲ್ಪ ಸುಧಾರಿಸಿದವು. ಅದರ ಅರ್ಧ ತಿಂದವರಿಗೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಇದನ್ನು ನಿಮ್ಮ ಬೆಲೆಗೆ ಲೆಕ್ಕ ಹಾಕಿದೆ. ಒಬ್ಬರಿಗೆ ವಾರಕ್ಕೆ 2,500 ರೂಪಾಯಿ! ಯಾವ ಮನೆಗೆ ಸಾಧ್ಯ ಹೇಳಿ?

ಈಗ ವಿಟಮಿನ್ ಸಿ ನೋಡಿ. 100 ಗ್ರಾಂ ಬ್ಲೂಬೆರಿಯಲ್ಲಿ ಸುಮಾರು 10 ಮಿಲಿಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಪಟ್ಟಿಯಲ್ಲಿ ಸೀಬೆಹಣ್ಣಿಗೆ 200ಕ್ಕಿಂತ ಜಾಸ್ತಿ, ಬೆಟ್ಟದ ನೆಲ್ಲಿಕಾಯಿಗೆ 250ರ ಆಸುಪಾಸು. ನಿಮ್ಮ ಬೀದಿಗೆ ಬರುವ ತಳ್ಳುಗಾಡಿಯ ಸೀಬೆಹಣ್ಣಿನ ಮಾತು ಇದು. ಉಪ್ಪು ಖಾರ ಸವರಿ ಕೊಟ್ಟರೆ ಯಾವ ಮಗು ಬೇಡ ಎನ್ನುತ್ತದೆ?

ನೀವು ನಿಮ್ಮ ಹಿಮೋಗ್ಲೋಬಿನ್ನನ್ನು ಬ್ರಾಕೆಟ್ಟಿನೊಳಗೆ ಬರೆದಿದ್ದೀರಿ, ಯಾರದ್ದೋ ವಿಷಯ ಅನ್ನುವ ಹಾಗೆ. ಪತ್ರ ಓದಿ ಮುಗಿಸಿದ ಮೇಲೆ ನನಗೆ ನೆನಪಿದ್ದದ್ದು ಆ ಬ್ರಾಕೆಟ್ ಒಂದೇ. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಿಮ್ಮದು 9.2. ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನಕ್ಕೇ ಸುಸ್ತು, ಕೂದಲು ಉದುರುವುದು ಇವೆಯಾ? ಎಷ್ಟೋ ಜನ ಅದನ್ನು 'ಮನೆ ಕೆಲಸದ ಆಯಾಸ' ಎಂದುಕೊಂಡು ವರ್ಷಗಳನ್ನು ಕಳೆಯುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಜನಕ್ಕೆ ರಕ್ತ ಕಡಿಮೆ ಇತ್ತು. ಇಷ್ಟು ಜನಕ್ಕೆ ಇದೆ ಎಂದ ಮಾತ್ರಕ್ಕೆ ಅದು ಸಹಜ ಅಲ್ಲ.

ಈ ವಾರವೇ ಡಾಕ್ಟರ ಹತ್ತಿರ ಹೋಗಿ. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ, ಬಿ12 ಕೊರತೆ ಇದೆಯಾ, ಹೊಟ್ಟೆಯಲ್ಲಿ ಹುಳ ಇದೆಯಾ ಎಂದು ಅವರು ನೋಡಬೇಕು. 9.2ರಿಂದ ಮೇಲೆ ಬರಲು ಬರೀ ಊಟ ಸಾಲದು, ಸಾಮಾನ್ಯವಾಗಿ ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆ ನೀರಿನ ಜೊತೆ ತೆಗೆದುಕೊಳ್ಳಿ. ಸೊಪ್ಪು ಕಾಳಿನಲ್ಲಿರುವ ಕಬ್ಬಿಣ ಹೀರಿಕೊಳ್ಳಲು ವಿಟಮಿನ್ ಸಿ ತುಂಬಾ ಸಹಾಯ ಮಾಡುತ್ತದೆ. ಅದಕ್ಕೇ ಸೀಬೆಹಣ್ಣಿನ ಬಗ್ಗೆ ಅಷ್ಟು ಹೇಳಿದ್ದು. ಅದು ಮಗನಿಗಿಂತ ಜಾಸ್ತಿ ನಿಮಗೆ ಬೇಕು.

ದಂಟಿನ ಸೊಪ್ಪಿನ ಮಸ್ಸೊಪ್ಪು, ಮೊಳಕೆ ಹುರುಳಿಕಾಳಿನ ಸಾರು, ಹೆಸರುಬೇಳೆ ಕೋಸಂಬರಿ ವಾರದಲ್ಲಿ ಸುತ್ತಿಸುತ್ತಾ ಮಾಡಿ. ನಿಂಬೆಹಣ್ಣನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಹಾಳಾಗುತ್ತದೆ. ಊಟ ಆದ ತಕ್ಷಣ ಕಾಫಿ ಬೇಡ, ಒಂದು ಗಂಟೆ ತಡೆಯಿರಿ. ಮಾಂಸ ತಿನ್ನುವವರಾದರೆ ಅದರಲ್ಲಿನ ಕಬ್ಬಿಣ ಇನ್ನೂ ಬೇಗ ಹತ್ತುತ್ತದೆ.

ನಮ್ಮಮ್ಮ ಹಣ್ಣು ಹೆಚ್ಚಿ ನಮಗೆಲ್ಲ ಹಂಚಿ, ಮಾವಿನ ಓಟೆಯನ್ನೋ ಸೇಬಿನ ನಡುವಿನ ಗಟ್ಟಿ ಭಾಗವನ್ನೋ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅಮ್ಮನಿಗೆ ಹಣ್ಣು ಇಷ್ಟವಿಲ್ಲ ಎಂದೇ ನಾವು ತಿಳಿದಿದ್ದೆವು. ಅವರಿಗೆ ರಕ್ತ ಕೊಡಿಸಬೇಕಾಗಿ ಬಂದ ದಿನ ನನಗೆ ಇಪ್ಪತ್ತು ವರ್ಷ. ನಿಮ್ಮ ಮಗನಿಗೆ ಇನ್ನೂ ಆರು. ನೀವು ತಿನ್ನುವುದನ್ನು ಅವನು ನೋಡಲಿ.

ವಾರದ ಆ 600 ರೂಪಾಯಿ ಹಿಡಿದು ಹಾಪ್‌ಕಾಮ್ಸ್‌ಗೆ ಹೋಗಿ. ಸೀಬೆ, ಪರಂಗಿ, ನೆಲ್ಲಿಕಾಯಿ, ಎರಡು ಮೂರು ಕಟ್ಟು ಸೊಪ್ಪು ತನ್ನಿ. ಹಣ್ಣು ಹೆಚ್ಚುವ ಮೊದಲೇ ಮನೆಯಲ್ಲಿ ಎಷ್ಟು ಜನ ಇದ್ದೀರೋ ಅಷ್ಟು ತಟ್ಟೆ ಇಡಿ. ನಿಮ್ಮ ತಟ್ಟೆ ಮೊದಲು ತುಂಬಿಸಿ. ಡಾಕ್ಟರು ಹೇಳಿದ ದಿನ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ನನಗೆ ಬರೆಯಿರಿ. ಆ ಸಂಖ್ಯೆ ಪತ್ರದ ಮೊದಲ ಸಾಲಿನಲ್ಲೇ ಇರಲಿ.