ಥರ್ಮೋಸ್ಟ್ಯಾಟ್, ವಾಟರ್ ಪಂಪ್ ಎರಡೂ ಹೊಸದು, ಆದರೂ ಎಂಜಿನ್ ಹೀಟ್ ಆಗುತ್ತಿದೆ. ರೇಡಿಯೇಟರ್ ಬದಲಾಯಿಸಬೇಕೇ?

ಸದ್ಯಕ್ಕೆ ಬೇಡ. ಮೆಕ್ಯಾನಿಕ್ ಒಂದಾದ ಮೇಲೊಂದು ಪಾರ್ಟ್ ಬದಲಾಯಿಸುತ್ತಾ ಹೋಗಿದ್ದಾರೆಯೇ ಹೊರತು ಬಿಸಿ ಯಾಕೆ ಏರುತ್ತಿದೆ ಅಂತ ಇನ್ನೂ ಪತ್ತೆ ಮಾಡಿಲ್ಲ ಅನ್ನಿಸುತ್ತೆ. ನೀವು ಬರೆದಿರುವುದರಲ್ಲೇ ಮೂರು ಸುಳಿವುಗಳಿವೆ: ನಿಧಾನ ಓಡಿಸುವಾಗ ಏನೂ ತೊಂದರೆಯಿಲ್ಲ, ಹೆದ್ದಾರಿಯಲ್ಲೋ ಏರು ಹತ್ತುವಾಗಲೋ ಟೆಂಪರೇಚರ್ ಮೀಟರಿನ ಮುಳ್ಳು ಮೇಲೆ ಹೋಗುತ್ತದೆ, ಕೆಳಗೆ ಒಂದು ಹನಿಯೂ ಬೀಳದೆ ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಕಮ್ಮಿಯಾಗುತ್ತಿದೆ.

ಫ್ಯಾನ್ ಕೆಟ್ಟಿದ್ದರೆ ಇದಕ್ಕೆ ಉಲ್ಟಾ ಆಗಬೇಕಿತ್ತು. ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಯಾಗಿ, ವೇಗ ಹಿಡಿದ ಮೇಲೆ ಎದುರುಗಾಳಿಗೇ ತಣ್ಣಗಾಗುತ್ತಿತ್ತು. ಹಾಗಾಗಿ ಫ್ಯಾನ್, ಅದರ ರಿಲೇ ಎಲ್ಲ ಪಕ್ಕಕ್ಕಿಡಿ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೂ ಹೆದ್ದಾರಿಯಲ್ಲಿ ಬಿಸಿ ಏರುತ್ತದೆ, ಅದು ನಿಜ. ಆದರೆ ಅದು ಉಕ್ಕಿಸದೆ ಸುಮ್ಮನೆ ಕೂಲೆಂಟ್ ಖಾಲಿ ಮಾಡುವುದಿಲ್ಲ.

ಮೊದಲು ರೇಡಿಯೇಟರ್ ಮುಚ್ಚಳ ನೋಡಿಸಿ, ಇರುವುದರಲ್ಲಿ ಅದೇ ಅಗ್ಗ. ಮುಚ್ಚಳದ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದಲ್ಲ, ಅದು ತಡೆದಿಡಬೇಕಾದ ಒತ್ತಡ, ಬಾರ್ ಲೆಕ್ಕದಲ್ಲಿ. ಅರ್ಧ ನೀರು ಅರ್ಧ ಕೂಲೆಂಟ್ ಇರುವ ಮಿಶ್ರಣ ಮಾಮೂಲಿ ಒತ್ತಡದಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. 1 ಬಾರ್ ಒತ್ತಡ ಸೇರಿದರೆ 130ರ ಹತ್ತಿರ ಹೋಗುವವರೆಗೂ ತಡೆಯುತ್ತದೆ. ಒಳಗಿನ ಸ್ಪ್ರಿಂಗ್ ಸೋತಿದ್ದರೆ, ರಬ್ಬರ್ ಬಿರುಕು ಬಿಟ್ಟಿದ್ದರೆ ಬೇಗ ಕುದಿದು ಆವಿಯಾಗಿ ಹೊರಗೆ ಹೋಗುತ್ತದೆ, ನೆಲದ ಮೇಲೆ ಗುರುತೂ ಉಳಿಯುವುದಿಲ್ಲ. ಪ್ರೆಶರ್ ಟೆಸ್ಟರ್‌ನಲ್ಲಿ ಐದು ನಿಮಿಷದ ಕೆಲಸ. ಅದೇ ಟೆಸ್ಟರ್‌ನಿಂದ ಇಡೀ ಕೂಲಿಂಗ್ ಲೈನಿಗೂ ಒತ್ತಡ ಕೊಟ್ಟು ನೋಡಿಸಿ. ಹೀಟರ್ ಕೋರ್ (ಗಾಡಿಯ ಒಳಗೆ ಬಿಸಿ ಗಾಳಿ ಕೊಡಲು ಕೂಲೆಂಟ್ ಹರಿಯುವ ಪುಟ್ಟ ರೇಡಿಯೇಟರ್) ಸೋರುತ್ತಿದ್ದರೆ ನೀರು ಸೀಟಿನ ಮುಂದಿನ ಮ್ಯಾಟ್ ಕೆಳಗೆ ಇಳಿದಿರುತ್ತದೆ, ಗಾಡಿಯ ಕೆಳಗೆ ಹುಡುಕಿದರೆ ಸಿಗುವುದಿಲ್ಲ.

ಅದೆಲ್ಲ ಸರಿಯಿದ್ದರೆ ನನ್ನ ಅನುಮಾನ ಹೆಡ್ ಗ್ಯಾಸ್ಕೆಟ್ ಮೇಲೆ, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್‌ಗೂ ನಡುವಿನ ಸೀಲ್ ಮೇಲೆ. ಇದನ್ನು ನೀವೇ ಸ್ವಲ್ಪ ಮಟ್ಟಿಗೆ ಪರೀಕ್ಷಿಸಬಹುದು. ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾದ ಎಂಜಿನ್ ಅನ್ನು ಸ್ಟಾರ್ಟ್ ಮಾಡಿ, ಮೇಲಿನ ರೇಡಿಯೇಟರ್ ಹೋಸನ್ನು ಕೈಯಲ್ಲಿ ಹಿಸುಕಿ ನೋಡಿ (ಬೆಲ್ಟಿಗೂ ಫ್ಯಾನಿಗೂ ಕೈ ತಾಗದಂತೆ). ಒಂದು ನಿಮಿಷದೊಳಗೆ, ಹೋಸ್ ಇನ್ನೂ ತಣ್ಣಗಿರುವಾಗಲೇ ಕಲ್ಲಿನಂತೆ ಗಟ್ಟಿಯಾದರೆ ಆ ಒತ್ತಡ ಶಾಖದಿಂದ ಬಂದದ್ದಲ್ಲ. ಸಿಲಿಂಡರಿನ ಗ್ಯಾಸ್ ಕೂಲೆಂಟ್ ದಾರಿಗೆ ನುಗ್ಗುತ್ತಿದೆ ಅಂತ ಅರ್ಥ. ಇನ್ನೊಂದು ದಿನ, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು, ಆಮೇಲೆ ಸ್ಟಾರ್ಟ್ ಮಾಡಿ ಒಳಗೆ ನೋಡಿ. ಮೊದಲು ನಾಲ್ಕು ಗುಳ್ಳೆ ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಲೇ ಇದ್ದರೆ, ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾದರೆ, ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆಯೇ ಹೆಚ್ಚು. ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಮಾತ್ರ ಯಾವ ಕಾರಣಕ್ಕೂ ಕೈ ಹಾಕಬೇಡಿ.

"ಆಯಿಲ್ ಹಾಲಿನಂತಾಗಿಲ್ಲ, ಹಾಗಾಗಿ ಗ್ಯಾಸ್ಕೆಟ್ ಚೆನ್ನಾಗಿದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಲಿಂಡರಿಗೂ ಕೂಲೆಂಟ್ ದಾರಿಗೂ ನಡುವೆ ಮಾತ್ರ ಗ್ಯಾಸ್ಕೆಟ್ ಸುಟ್ಟಿದ್ದರೆ ಆಯಿಲ್‌ಗೆ ಏನೂ ಆಗುವುದಿಲ್ಲ. ಖಚಿತವಾಗಬೇಕಾದರೆ ಗ್ಯಾರೇಜಿನಲ್ಲಿ ಗ್ಯಾಸ್ ಟೆಸ್ಟ್ ಮಾಡಿಸಿ. ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ, ಅದರಲ್ಲಿ ಎಂಜಿನ್ ಸುಟ್ಟ ಗ್ಯಾಸ್ ಇದ್ದರೆ ದ್ರವ ಹಳದಿಯಾಗುತ್ತದೆ.

ಪಂಪ್ ಬದಲಾಯಿಸಿದ ಮೇಲೆ ಕೂಲಿಂಗ್ ಲೈನಿನೊಳಗೆ ಸೇರಿಕೊಂಡ ಏರ್ ಸರಿಯಾಗಿ ತೆಗೆದಿದ್ದಾರಾ ಅಂತಲೂ ಕೇಳಿ. ಮುಳ್ಳು ಮೇಲಿರುವಾಗ ಹೀಟರ್ ಹಾಕಿದರೆ ತಣ್ಣನೆ ಗಾಳಿ ಬಂದರೆ ಒಂದೋ ಕೂಲೆಂಟ್ ಇಳಿದಿದೆ, ಇಲ್ಲವೇ ಏರ್ ಲಾಕ್ ಆಗಿದೆ (ಸಿಕ್ಕಿಕೊಂಡ ಗಾಳಿ ಕೂಲೆಂಟ್ ಹರಿವನ್ನು ತಡೆದಿದೆ). ಏರ್ ತೆಗೆಸಿದ ಮೇಲೂ ಮತ್ತೆ ಮತ್ತೆ ಕಟ್ಟಿಕೊಂಡರೆ ಅದೂ ಗ್ಯಾಸ್ಕೆಟ್ ಕಡೆಗೇ ಬೆರಳು ತೋರಿಸುತ್ತದೆ.

ಇನ್ನು ಥರ್ಮೋಸ್ಟ್ಯಾಟನ್ನೇ ಕಿತ್ತು ಹಾಕಿ ಓಡಿಸಿ ಅನ್ನುವವರು ಎಲ್ಲ ಕಡೆ ಇರುತ್ತಾರೆ. ಕೇಳಬೇಡಿ. ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವ್ ಅದು. ಅದಿಲ್ಲದಿದ್ದರೆ ಎಂಜಿನ್ ಸರಿಯಾದ ಬಿಸಿಗೆ ಬರದೆ ಪೆಟ್ರೋಲ್ ಕುಡಿಯುತ್ತದೆ, ಕಾಯಿಲೆ ಹಾಗೇ ಉಳಿಯುತ್ತದೆ.

ಗ್ಯಾಸ್ಕೆಟ್ಟೇ ಅಂತ ಖಾತ್ರಿಯಾಗಿ ಹೆಡ್ ಬಿಚ್ಚಿದರೆ, ಅದನ್ನು ಹಾಗೇ ಕೂರಿಸಲು ಬಿಡಬೇಡಿ. ಇಷ್ಟು ಸಲ ಬಿಸಿಯಾದ ಅಲ್ಯೂಮಿನಿಯಂ ಹೆಡ್ ಬಾಗಿರಬಹುದು, ಬಿರುಕೂ ಬಿಟ್ಟಿರಬಹುದು. ಮೆಷಿನ್ ಶಾಪಿನಲ್ಲಿ ಸ್ಟ್ರೈಟ್ ಎಡ್ಜ್ (ನೇರ ಲೋಹದ ಪಟ್ಟಿ) ಇಟ್ಟು ಅಳೆಸಿ, ಪ್ರೆಶರ್ ಟೆಸ್ಟ್ ಮಾಡಿಸಿ, ಹೆಡ್ ಬೋಲ್ಟ್‌ಗಳು ಒಂದೇ ಸಲ ಬಳಸುವಂಥವಾದರೆ ಹೊಸದನ್ನೇ ಹಾಕಿಸಿ. ಅಲ್ಲಿಯವರೆಗೆ ಮುಳ್ಳು ಏರಿದರೆ ಏಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು, ಸುರಕ್ಷಿತ ಜಾಗ ಸಿಕ್ಕ ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ.

ಗ್ಯಾಸ್ ಟೆಸ್ಟ್ ಫಲಿತಾಂಶ ಇಲ್ಲೇ ಹಾಕಿ, ದ್ರವ ನೀಲಿಯಾಗೇ ಉಳಿದರೆ ಆಗ ರೇಡಿಯೇಟರ್ ವಿಷಯ ಮಾತಾಡೋಣ.