ಫೋರ್ಟ್ ವೇನ್‌ನ ಚಳಿಗಾಲಕ್ಕೆ ಎಪ್ಪತ್ತೆರಡು ಪಂದ್ಯಗಳು

ಆತ್ಮೀಯರೇ,

ಅಮೆರಿಕದ ಇಂಡಿಯಾನಾ ರಾಜ್ಯದ ಫೋರ್ಟ್ ವೇನ್‌ಗೆ ಬಂದು ಆರು ವಾರಗಳಾದವು, ಕೆಲಸ ಹಿಡಿಸಿದೆ, ಆದರೆ ಸಂಜೆಗಳನ್ನು ಕಳೆಯುವುದು ಕಷ್ಟವಾಗಿದೆ ಎಂದು ಬರೆದಿದ್ದೀರಿ. ಕಚೇರಿಯವರೆಲ್ಲ ಕೋಮೆಟ್ಸ್ ಎಂಬ ಐಸ್ ಹಾಕಿ ತಂಡದ ಮಾತನ್ನೇ ಆಡುತ್ತಾರೆ, ಹೊರಗೆ ಯಾರೂ ಹೆಸರು ಕೇಳಿರದ ಈ ತಂಡದ ಆಟಕ್ಕೆ ದುಡ್ಡು ಕೊಟ್ಟು ಹೋಗಬೇಕೇ ಎಂದೂ ಕೇಳಿದ್ದೀರಿ. ದಾವಣಗೆರೆಯಿಂದ ಬಂದು ಈ ಊರಿನಲ್ಲಿ ಹತ್ತೊಂಬತ್ತು ಚಳಿಗಾಲಗಳನ್ನು ಕಳೆದವನಾಗಿ ಹೇಳುತ್ತೇನೆ, ಖಂಡಿತ ಹೋಗಿ. ಒಂದು ಸಲ ನೋಡಿ ಬಿಡಬೇಡಿ, ಸೀಸನ್ ಮುಗಿಯುವವರೆಗೂ ಆಗಾಗ ಹೋಗಿ.

ಐಸ್ ಹಾಕಿ ಲೀಗುಗಳಲ್ಲಿ ಟಿವಿಯಲ್ಲಿ ನೀವು ಕಾಣುವ ಎನ್‌ಎಚ್‌ಎಲ್ ಮೇಲಿನ ಮೆಟ್ಟಿಲು. ಅದರ ಕೆಳಗೆ ಎಎಚ್‌ಎಲ್, ಅದಕ್ಕೂ ಕೆಳಗೆ ನಮ್ಮ ಇಸಿಎಚ್‌ಎಲ್. 1988ರಲ್ಲಿ ಆರಂಭವಾದ ಈ ಲೀಗಿನಲ್ಲಿ ಪ್ರತಿ ತಂಡವೂ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 72 ಪಂದ್ಯ ಆಡುತ್ತದೆ; ಅರ್ಧ ಊರಿನಲ್ಲಿ, ಅರ್ಧ ಹೊರಗೆ. ಆಮೇಲೆ ಮುಂದಿರುವ ತಂಡಗಳ ಪ್ಲೇಆಫ್ ಸುತ್ತುಗಳು, ಕೊನೆಗೆ ಗೆದ್ದವರಿಗೆ ಕೆಲ್ಲಿ ಕಪ್. 2021ರಲ್ಲಿ ಆ ಕಪ್ ನಮ್ಮ ಊರಿಗೆ ಬಂದಾಗ ನಾನು ಅತ್ತದ್ದುಂಟು. ಶುಕ್ರವಾರ, ಶನಿವಾರ, ಭಾನುವಾರ ಸಾಲಾಗಿ ಮೂರು ಪಂದ್ಯಗಳು ಬಂದಾಗ ಹುಡುಗರು ಆಟ ಮುಗಿಸಿ ರಾತ್ರಿಯೇ ಬಸ್ ಹತ್ತಿ, ಮರುದಿನ ಇನ್ನೊಂದು ಊರಿನ ಮಂಜುಗಡ್ಡೆಯ ಅಂಗಳಕ್ಕೆ ಇಳಿಯುತ್ತಾರೆ. ಸಂಬಳ ವಾರದ ಲೆಕ್ಕದಲ್ಲಿ, ಅದೂ ಸಾಧಾರಣ. ಇರಲು ಮನೆಯನ್ನು ತಂಡವೇ ಕೊಡುತ್ತದೆ. ಇದೇ ಲೀಗಿನಲ್ಲಿ 2007-08ರಲ್ಲಿ ರೆಡಿಂಗ್ ಊರಿನ ತಂಡದ ಗೋಲಿ, ಅಂದರೆ ಗೋಲ್ ಕಾಯುವವನು, ಆಗಿದ್ದ ಜೊನಾಥನ್ ಕ್ವಿಕ್, 2012ರಲ್ಲಿ ಲಾಸ್ ಏಂಜಲೀಸ್ ತಂಡ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಾಗ ಆ ಪ್ಲೇಆಫ್‌ನ ಶ್ರೇಷ್ಠ ಆಟಗಾರನಾದ. ಆದರೆ ಹಾಗೆ ಮೇಲೇರುವವರು ಕೆಲವರೇ. ಉಳಿದವರು ಎರಡು ಮೂರು ವರ್ಷ ಆಡಿ ಬೇರೆ ಉದ್ಯೋಗ ಹುಡುಕಿಕೊಳ್ಳುತ್ತಾರೆ.

ಹೊಸಬರಾದ ನಿಮಗೆ ಮುಖ್ಯವಾಗಿ ತಿಳಿಯಬೇಕಾದದ್ದು ಇಲ್ಲಿದೆ. 260ಕ್ಕಿಂತ ಹೆಚ್ಚು ವೃತ್ತಿಪರ ಪಂದ್ಯಗಳನ್ನಾಡಿದ ಅನುಭವಿಗಳು, ಗೋಲಿಗಳನ್ನು ಬಿಟ್ಟರೆ, ಒಂದು ತಂಡದಲ್ಲಿ ನಾಲ್ವರಿಗಿಂತ ಹೆಚ್ಚು ಆಡುವಂತಿಲ್ಲ ಎಂಬುದು ಲೀಗಿನ ನಿಯಮ. ಜೊತೆಗೆ ಸೀಸನ್ ನಡುವೆ ಎಎಚ್‌ಎಲ್ ತಂಡದಿಂದ ಕರೆ ಬಂದರೆ ಆಟಗಾರ ಆ ಸಂಜೆಯೇ ಹೊರಟುಬಿಡುತ್ತಾನೆ. ಹೀಗಾಗಿ ಪ್ರತಿ ಅಕ್ಟೋಬರ್‌ನಲ್ಲೂ ತಂಡದ ಬಹುಪಾಲು ಮುಖಗಳು ಹೊಸವು. ಕೆನಡಾದಿಂದಲೋ ಮಿನ್ನೆಸೋಟದಿಂದಲೋ ಬಂದ ಇಪ್ಪತ್ನಾಲ್ಕರ ಹುಡುಗನಿಗೆ ಈ ಊರಿನಲ್ಲಿ ದಿನಸಿ ಎಲ್ಲಿ ಸಿಗುತ್ತದೆ ಎಂಬುದು ನಿಮ್ಮಷ್ಟೇ ಗೊತ್ತಿರುತ್ತದೆ. ವರ್ಷವರ್ಷವೂ ಬದಲಾಗದೆ ಉಳಿಯುವವರು ಸೀಟುಗಳಲ್ಲಿ ಕುಳಿತ ಜನ. ಹೊಸಬರನ್ನು ಕರೆದು ಕೂರಿಸಿಕೊಳ್ಳುವುದು ಅವರಿಗೆ ರೂಢಿಯಾಗಿಬಿಟ್ಟಿದೆ.

ಇದನ್ನು ನಾನು ಅರಿತದ್ದು ನನ್ನ ಮೊದಲ ಪಂದ್ಯದಲ್ಲಿ. ಕಾಫಿ ತರಲು ಎದ್ದುಹೋಗಿ ಮರಳುವಾಗ ಮೆಟ್ಟಿಲ ಬಳಿ ಸಿಬ್ಬಂದಿಯೊಬ್ಬರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ಸುತ್ತಲಿನ ಸಾವಿರಾರು ಜನರ ನಡುವೆ ನನ್ನಂತೆ ಕಾಣುವವರು ಒಬ್ಬರೂ ಇರಲಿಲ್ಲ. ನನ್ನನ್ನೇ ಏಕೆ ತಡೆದರು ಎಂದು ಮನಸ್ಸು ಕುಗ್ಗಿತು. ಅರ್ಧ ನಿಮಿಷದಲ್ಲಿ ವಿಷಲ್ ಊದಿತು, ಅವರು ನಕ್ಕು ದಾರಿ ಬಿಟ್ಟರು. ಆಟ ನಡೆಯುವಾಗ ಯಾರೂ ಮೆಟ್ಟಿಲಿಳಿದು ಇತರರ ನೋಟಕ್ಕೆ ಅಡ್ಡ ಬರಬಾರದು, ಅದು ಎಲ್ಲರಿಗೂ ಒಂದೇ ಎಂದು ವಿವರಿಸಿದವರು ಪಕ್ಕದ ಸೀಟಿನ ಹಿರಿಯರು. 1983ರಲ್ಲಿ ಮುಚ್ಚಿಹೋದ ಇಲ್ಲಿನ ಟ್ರಕ್ ಕಾರ್ಖಾನೆಯಲ್ಲಿ ದುಡಿದವರು ಅವರು. ಎರಡನೆಯ ಪೀರಿಯಡ್‌ನಲ್ಲಿ ಅಂಗಳದ ಸುತ್ತಲಿನ ಗಾಜು ದಾಟಿ ಹಾರಿಬಂದ, ಚೆಂಡಿನ ಬದಲು ಬಳಸುವ ‘ಪಕ್’ ಅನ್ನು ಹೆಕ್ಕಿ ನನ್ನ ಅಂಗೈಗೆ ಇಟ್ಟರು. ಒಂದಂಗುಲ ದಪ್ಪದ ಕರಿಯ ರಬ್ಬರ್ ಬಿಲ್ಲೆ, ನೂರೆಪ್ಪತ್ತು ಗ್ರಾಂ ತೂಕ, ಹಿಡಿದರೆ ಬೆರಳು ಮರಗಟ್ಟುವಷ್ಟು ತಣ್ಣಗೆ. ಪುಟಿಯದಿರಲೆಂದು ಆಟಕ್ಕೆ ಮೊದಲೇ ಅದನ್ನು ಹೆಪ್ಪುಗಟ್ಟಿಸಿಡುತ್ತಾರಂತೆ.

ತಂಡದ ಚರಿತ್ರೆಯನ್ನೂ ಹೇಳಿದವರು ಅವರೇ. 1952ರಲ್ಲಿ, ಪಂದ್ಯಗಳು ನಡೆಯುವ ಯುದ್ಧ ಸ್ಮಾರಕ ಕೊಲಿಸಿಯಂ ತೆರೆದ ವರ್ಷವೇ, ಕೋಮೆಟ್ಸ್ ಕೂಡ ಹುಟ್ಟಿತು. 1990ರಲ್ಲಿ ಮಾಲೀಕರು ತಂಡವನ್ನು ನ್ಯೂಯಾರ್ಕ್ ರಾಜ್ಯದ ಆಲ್ಬನಿಗೆ ಒಯ್ದುಬಿಟ್ಟರು. ಅದೇ ಬೇಸಿಗೆಯಲ್ಲಿ ಈ ಊರಿನ ಫ್ರಾಂಕೆ ಸಹೋದರರು ಫ್ಲಿಂಟ್ ಎಂಬ ಊರಿನ ತಂಡವನ್ನು ಕೊಂಡು ತಂದು, ಅದಕ್ಕೆ ಹಳೆಯ ಹೆಸರನ್ನೇ ಇಟ್ಟರು. ಕೆಲಸ ಕೊಟ್ಟ ಕಾರ್ಖಾನೆಯನ್ನು ಉಳಿಸಿಕೊಳ್ಳಲಾಗದ ಊರು ತನ್ನ ತಂಡವನ್ನು ಹೀಗೆ ಉಳಿಸಿಕೊಂಡಿತು. ನಿಮ್ಮ ಸಹೋದ್ಯೋಗಿಗಳ ಮಾತಿನಲ್ಲಿರುವ ಉತ್ಸಾಹವನ್ನು ಈ ಹಿನ್ನೆಲೆಯಲ್ಲಿ ಕೇಳಿಸಿಕೊಳ್ಳಬೇಕೆಂದು ನನ್ನ ಕೋರಿಕೆ.

ಆಟ ಅರ್ಥವಾಗುವುದಿಲ್ಲ ಎಂಬ ಅಳುಕು ಬೇಡ. ನಾನು ಅದನ್ನು ಬಹುಮಟ್ಟಿಗೆ ಕಾರಿನ ರೇಡಿಯೊದಲ್ಲಿ, 1953ರಿಂದ 2016ರಲ್ಲಿ ತೀರಿಕೊಳ್ಳುವವರೆಗೂ ಕೋಮೆಟ್ಸ್ ಪಂದ್ಯಗಳ ವೀಕ್ಷಕ ವಿವರಣೆ ನೀಡಿದ ಬಾಬ್ ಚೇಸ್ ಅವರ ದನಿಯಿಂದ ಕಲಿತೆ. ಊರಿನಲ್ಲಿ ಕಾಮೆಂಟರಿ ಕೇಳಿಯೇ ಕ್ರಿಕೆಟ್ ಕಲಿತವನಿಗೆ ಅದು ಪರಿಚಿತ ದಾರಿಯಾಗಿತ್ತು. ಮೊದಮೊದಲು ಪಕ್ ಕಣ್ಣಿಗೆ ಸಿಗುವುದೇ ಇಲ್ಲ. ಪಕ್ಕನ್ನು ಹುಡುಕದೆ ಆಟಗಾರರು ಯಾವ ಕಡೆ ತಿರುಗುತ್ತಾರೆಂದು ನೋಡಿ. ಜಗಳ ಬೀಳುವುದೂ ಉಂಟು, ಕೈಮಾಡಿದವರಿಗೆ ಐದು ನಿಮಿಷ ಹೊರಗೆ ಕೂರುವ ಶಿಕ್ಷೆ. ಜನ ಆಗ ಎದ್ದು ನಿಂತು ಕೂಗುತ್ತಾರೆ. ನನಗೆ ಅದು ಇಂದಿಗೂ ಹಿಡಿಸಿಲ್ಲ, ಕುಳಿತೇ ಇರುತ್ತೇನೆ, ಯಾರೂ ತಪ್ಪು ತಿಳಿದಿಲ್ಲ.

ಈ ವರ್ಷವೇ ಪೂರ್ತಿ ಸೀಸನ್ ಟಿಕೆಟ್ ಕೊಳ್ಳಬೇಡಿ. ಬಿಡಿ ಟಿಕೆಟ್ ಕೊಂಡು ನಾಲ್ಕೈದು ಪಂದ್ಯ ನೋಡಿ, ಸಾಧ್ಯವಾದಷ್ಟೂ ಒಂದೇ ವಿಭಾಗದಲ್ಲಿ ಕೂರಿ. ಆಗ ಮಾತ್ರ ಮುಖಗಳ ಪರಿಚಯವಾಗುತ್ತದೆ. ಹೊರಗಿನ ಚಳಿಯ ಲೆಕ್ಕದಲ್ಲಲ್ಲ, ಮೂರು ಗಂಟೆ ಮಂಜುಗಡ್ಡೆಯ ಪಕ್ಕ ಕೂರುವ ಲೆಕ್ಕದಲ್ಲಿ ಸ್ವೆಟರ್ ಹಾಕಿಕೊಳ್ಳಿ.

ಮೊದಲಿಗೆ ನೆರೆಯ ಓಹಿಯೊ ರಾಜ್ಯದ ಟೊಲೀಡೊ ವಿರುದ್ಧದ ಪಂದ್ಯವನ್ನೇ ಆರಿಸಿಕೊಳ್ಳಿ. ನಮ್ಮಲ್ಲಿ ಎರಡು ನದಿಗಳು ಸೇರಿ ಹುಟ್ಟುವ ಮೌಮಿ ನದಿ ಹರಿದು ಹೋಗಿ ಟೊಲೀಡೊದಲ್ಲಿ ಈರಿ ಸರೋವರವನ್ನು ಸೇರುತ್ತದೆ. ವಸಂತದಲ್ಲಿ ಮೊಟ್ಟೆಯಿಡಲು ಆ ನದಿಯನ್ನು ಏರುವ ವಾಲೈ ಮೀನಿನ ಹೆಸರೇ ಅವರ ತಂಡದ್ದು. ನೂರು ಮೈಲಿಯ ಅಂತರವಾದ್ದರಿಂದ ಅವರ ಜನರೂ ಕಾರುಗಳಲ್ಲಿ ಬಂದಿಳಿಯುತ್ತಾರೆ, ಕೊಲಿಸಿಯಂ ಗದ್ದಲದಲ್ಲಿ ಮುಳುಗುತ್ತದೆ. ಪಕ್ಕದ ಸೀಟಿನ ಆ ಹಿರಿಯರು ಈಗಿಲ್ಲ. ಅವರ ಮಗಳು ಆ ಸೀಟನ್ನು ಬಿಟ್ಟುಕೊಟ್ಟಿಲ್ಲ, ಆದರೆ ಊರಿಗೆ ಬರಲಾಗದ ದಿನಗಳಲ್ಲಿ ಟಿಕೆಟನ್ನು ನನಗೆ ಕಳುಹಿಸುತ್ತಾರೆ. ಮುಂದಿನ ಟೊಲೀಡೊ ಪಂದ್ಯದ್ದು ನನ್ನ ಬಳಿ ಇದೆ. ಆರೂವರೆಗೆ ಮುಖ್ಯದ್ವಾರದ ಒಳಗೆ ಕಾಯುತ್ತಿರುತ್ತೇನೆ.